ಎಂ-ಸ್ಯಾಂಡ್ ತೊಳೆದ ನೀರು ಕೊನೆಗೂ ತಿಳಿಯಾಯಿತು

ಗದಗ ಜಿಲ್ಲೆಯ ಒಂದು ಕಲ್ಲು ಕ್ವಾರಿಯಲ್ಲಿ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸುವ ಮರಳಿನ ಘಟಕ ನೋಡಿಕೊಳ್ಳುತ್ತೇನೆ. ಇಲ್ಲಿ ವರ್ಷದ ಮಳೆಯೇ ಸುಮಾರು 600 ಮಿ.ಮೀ. ಮರಳು ತೊಳೆಯಲು ದಿನಾ ಬೋರ್‌ವೆಲ್ ನೀರು ಎತ್ತಿದರೆ ಪಕ್ಕದ ಹೊಲದವರು ಏನು ಮಾಡಬೇಕು? ಅವರದೂ ಅದೇ ನೀರು ಅಲ್ವಾ?

ತೊಳೆದ ನೀರು ಹೊಂಡಕ್ಕೆ ಹೋಗುತ್ತಿತ್ತು, ಆದರೆ ಮಜ್ಜಿಗೆ ಹಾಗೆ ಬೆಳ್ಳಗೇ ಇರುತ್ತಿತ್ತು. ಅದನ್ನೇ ಮತ್ತೆ ಬಳಸಿದರೆ ನಾಝಲ್ ಕಟ್ಟುತ್ತಿತ್ತು, ಮರಳಿನಲ್ಲಿ ಸಣ್ಣ ಪುಡಿ ಉಳಿಯುತ್ತಿತ್ತು.

ಗಮನಿಸಿದಾಗ ಕಾರಣ ಸಿಕ್ಕಿತು. ನೀರು ಒಳಗೆ ಬಂದದ್ದೇ ನೇರ ಪಂಪಿನ ಕಡೆ ಹರಿಯುತ್ತಿತ್ತು. ಪುಡಿ ಕೆಳಗಿಳಿಯಲು ಹೊತ್ತೇ ಇರಲಿಲ್ಲ. ಹೊಂಡಕ್ಕೆ ಎರಡು ಅಡ್ಡಗೋಡೆ ಕಟ್ಟಿಸಿದೆವು. ಒಂದಕ್ಕೆ ಎಡಗಡೆ ಬಾಯಿ, ಇನ್ನೊಂದಕ್ಕೆ ಬಲಗಡೆ. ಈಗ ನೀರು ಸುತ್ತಿ ಬಳಸಿ ನಿಧಾನಕ್ಕೆ ಬರುತ್ತದೆ.

ಆಮೇಲೆ ಪಟಿಕ. ಅದೇ ರಾಡಿ ನೀರನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ, ಒಂದೊಂದಕ್ಕೆ ಒಂದೊಂದು ಅಳತೆಯ ಪಟಿಕದ ನೀರು ಹಾಕಿ, ಮೆಲ್ಲಗೆ ಕದಡಿ ಇಟ್ಟೆ. ಪುಡಿ ಹತ್ತಿಯ ಎಳೆಗಳಂತೆ ಕೂಡಿಕೊಂಡು ತಳ ಸೇರಿತು. ಚೆನ್ನಾಗಿ ತಿಳಿಯಾದ ಬಾಟಲಿಗಳಲ್ಲಿ ಕಡಿಮೆ ಪಟಿಕದ್ದನ್ನೇ ಆರಿಸಿಕೊಂಡೆ. ಸುಮ್ನೆ ಜಾಸ್ತಿ ಸುರಿಯಬೇಡಿ, ನೀರು ಹುಳಿಯಾಗಿ ಕಬ್ಬಿಣದ ಪೈಪನ್ನು ತಿನ್ನುತ್ತದೆ. ಹೊಂಡದಲ್ಲಿ ಮೊದಲ ಅಡ್ಡಗೋಡೆಗೂ ಮುಂಚಿನ ಭಾಗದ ಹೂಳನ್ನು ಆಗಾಗ ತೆಗೆಸಲೇಬೇಕು.

ಮರಳಿನ ತೇವ, ಬಿಸಿಲಿನ ಆವಿ ಅಂತ ಸ್ವಲ್ಪ ನೀರು ಕಳೆಯುತ್ತದೆ. ಅಷ್ಟನ್ನು ಹಳೆಯ ಕ್ವಾರಿ ಗುಂಡಿಯ ಮಳೆ ನೀರಿನಿಂದ ತುಂಬುತ್ತೇವೆ.