ಹಿನ್ನೀರಿನಲ್ಲಿ ಗಸ್ತು: ನನ್ನ ಅನುಭವ

ಶರಾವತಿ ಹಿನ್ನೀರಿನಲ್ಲಿ ಗಸ್ತು ದೋಣಿ ಓಡಿಸುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷಗಳಾದವು. ಸೀಟಿ ಊದುತ್ತ ನೀರಿನ ಮೇಲೆ ರೊಯ್ಯನೆ ಸುತ್ತುವುದೇ ಗಸ್ತು ಎಂದು ಮೊದಲ ವರ್ಷ ನಂಬಿದ್ದೆ. ಈಗ ನನ್ನ ದಿನದ ಮುಕ್ಕಾಲು ಪಾಲು ದಡದಲ್ಲೇ ಕಳೆಯುತ್ತದೆ. ಪ್ರವಾಸಿಗರ ದೋಣಿ ಹೊರಟ ಮೇಲೆ ಜನ ಯಾರ ಮಾತನ್ನೂ ಕೇಳುವುದಿಲ್ಲ.

ಈ ನೀರಿನ ಸ್ವಭಾವವೇ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳ ಜೊತೆ ಕಾಡೂ ಮುಳುಗಿತು. ಜಲಾಶಯ ಸಮುದ್ರಮಟ್ಟದಿಂದ 1,819 ಅಡಿಯ ಪೂರ್ಣ ಮಟ್ಟಕ್ಕೆ ತುಂಬಿದಾಗ ಅದರ ಗುರುತೇ ಸಿಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿಯತೊಡಗಿದರೆ ಹಳೆಯ ಮರದ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಕಣ್ಣಿಗೆ ಕಾಣುವ ಬೊಡ್ಡೆಯ ಭಯ ನನಗಿಲ್ಲ; ಗೇಣುದ್ದ ನೀರಿನ ಕೆಳಗೆ ಅಡಗಿರುವುದರ ಭಯ. ನಿನ್ನೆ ಸಲೀಸಾಗಿ ಹೋದ ದಾರಿಯಲ್ಲೇ ಇವತ್ತು ತಳ ತಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಎದ್ದವನೇ ದೋಣಿ ಹೋಗುವ ದಾರಿಯನ್ನೆಲ್ಲ ಬಿದಿರುಗಳದಿಂದ ತಡಕುತ್ತ ನಿಧಾನವಾಗಿ ಸುತ್ತುತ್ತೇನೆ. ಬೊಡ್ಡೆ ಸಿಕ್ಕಲ್ಲಿ ಖಾಲಿ ಎಣ್ಣೆ ಕ್ಯಾನ್‌ಗೆ ಕೆಂಪು ಬಟ್ಟೆ ಸುತ್ತಿ ಕಟ್ಟಿ ಬರುತ್ತೇನೆ.

ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಎಂಜಿನ್ನಿಗೂ ಚಾಲಕನ ಮಣಿಕಟ್ಟಿಗೂ ನಡುವೆ ಒಂದು ಸುರುಳಿ ದಾರವಿರುತ್ತದೆ. ಚಾಲಕ ಬಿದ್ದರೆ ಅದು ಕಿತ್ತು ಬಂದು ಎಂಜಿನ್ ನಿಲ್ಲಬೇಕು. ಎರಡನೆಯ ವರ್ಷ ಒಂದು ದಿನ ನಾನು ಅದನ್ನು ಕಟ್ಟಿಕೊಂಡಿರಲಿಲ್ಲ. ಕೈಗೆ ಕಿರಿಕಿರಿ, ಅಷ್ಟೇ ಕಾರಣ. ಬೊಡ್ಡೆ ಬಡಿದ ರಭಸಕ್ಕೆ ನೀರಿಗೆ ಎಸೆಯಲ್ಪಟ್ಟೆ. ಹಿಡಿಯುವವರಿಲ್ಲದ ದೋಣಿ ನೇರವಾಗಿ ಹೋಗದೆ ನನ್ನನ್ನೇ ಸುತ್ತು ಹಾಕತೊಡಗಿತು. ಮುಳುಗಿ ತಪ್ಪಿಸಿಕೊಳ್ಳೋಣವೆಂದರೆ ಲೈಫ್ ಜಾಕೆಟ್ ಬಿಡದು! ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ ದೋಣಿ ಇನ್ನೊಂದು ಬೊಡ್ಡೆಗೆ ಸಿಕ್ಕಿಕೊಂಡು ಎಂಜಿನ್ ನಿಂತಿತು. ಅಂದಿನಿಂದ ಮೊದಲು ದಾರ, ಆಮೇಲೆ ಎಂಜಿನ್.

ದಡದಲ್ಲಿ ನಾನು ನೋಡುವುದು ಜಾಕೆಟ್ಟಿನ ಪಟ್ಟಿಗಳನ್ನು. ಬಣ್ಣದ ಅಂಗಿಯಂತೆ ತೊಟ್ಟು ಪಟ್ಟಿ ಬಿಟ್ಟುಕೊಂಡರೆ, ಬಿದ್ದಾಗ ಜಾಕೆಟ್ ಮಾತ್ರ ತೇಲುತ್ತದೆ. ಮಕ್ಕಳದ್ದಾದರೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತುತ್ತೇನೆ. ಜಾಕೆಟ್ ಕಿವಿಯವರೆಗೆ ಬಂತೆಂದರೆ ಅದು ಆ ಮಗುವಿನ ಅಳತೆಯದಲ್ಲ. ಅಜ್ಜಿಯಂದಿರು ತಕರಾರಿಲ್ಲದೆ ಕಟ್ಟಿಸಿಕೊಳ್ಳುತ್ತಾರೆ. ತಕರಾರು ಹೊಸ ಜೋಡಿಗಳದ್ದು: “ಅಣ್ಣಾ, ಒಂದೇ ಒಂದು ಫೋಟೊ, ಅಷ್ಟು ಹೊತ್ತು ಬಿಚ್ಚಿರುತ್ತೇವೆ.” “ಫೋಟೊ ದಡದಲ್ಲಿ ತೆಗೆಸಿಕೊಳ್ಳಿ ತಾಯಿ, ಹಿಂದೆ ನೀರು ಕಾಣುವ ಹಾಗೆ ನಾನೇ ತೆಗೆದುಕೊಡುತ್ತೇನೆ” ಎನ್ನುತ್ತೇನೆ. ಹೀಗಾಗಿ ಫೋಟೊ ತೆಗೆಯುವುದರಲ್ಲೂ ಕೈ ಪಳಗಿದೆ.

ದೋಣಿ ಮಗುಚಲು ಬಿರುಗಾಳಿಯೇ ಬೇಕಿಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಕಾಡುಪ್ರಾಣಿ ಕಂಡಿತೆಂದು ಪ್ರಯಾಣಿಕರು ಒಂದೇ ಮಗ್ಗುಲಿಗೆ ನುಗ್ಗಿದಾಗ ಎರಡಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. 2024ರ ಜನವರಿಯಲ್ಲಿ ವಡೋದರದ ಹರ್ಣಿ ಕೆರೆಯಲ್ಲಿ ಪ್ರವಾಸ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಹಲವು ಮಕ್ಕಳಿಗೆ ಜಾಕೆಟ್ ಇರಲಿಲ್ಲ. ದೋಣಿ ಬಿಡುವ ಮೊದಲು ಈ ಎರಡನ್ನೂ ಹೇಳುತ್ತೇನೆ. ರಜೆಯ ಹುಮ್ಮಸ್ಸಿಗೆ ತಣ್ಣೀರೆರಚುತ್ತೀಯೆಂದು ಜೊತೆಯವರು ಬೈಯುವುದುಂಟು. ಎರಚಿದರೆ ಎರಚಿದೆ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ನಂತರ ಆಕಾಶ ಕಪ್ಪಾಯಿತೆಂದರೆ ಟಿಕೆಟ್ ಕೊಟ್ಟಿದ್ದರೂ ದೋಣಿ ಬಿಡುವುದಿಲ್ಲ. ಹಣ ವಾಪಸ್. ಈ ವಿಷಯದಲ್ಲಿ ಮಾಲೀಕರ ಜೊತೆ ಜಗಳ ಇನ್ನೂ ಮುಗಿದಿಲ್ಲ.

ಮಳೆಗಾಲಕ್ಕೆ ದೋಣಿ ನಿಂತ ಮೇಲೆ ಜಾಕೆಟ್ಟುಗಳ ಪರೀಕ್ಷೆ. ಒಂದೊಂದಕ್ಕೂ ಕಲ್ಲಿನ ಚೀಲ ಕಟ್ಟಿ ರಾತ್ರಿಯಿಡೀ ತೊಟ್ಟಿಯಲ್ಲಿ ಮುಳುಗಿಸಿಡುತ್ತೇನೆ. ಬೆಳಿಗ್ಗೆ ಚೀಲ ಬಿಚ್ಚಿದ ಕೂಡಲೇ ಚಿಮ್ಮಿ ಮೇಲೆ ಬಂದದ್ದು ಉಳಿಯಿತು. ನೀರು ಕುಡಿದು ಸೋಮಾರಿಯಂತೆ ಬಂದದ್ದರ ಪಟ್ಟಿಗಳನ್ನೆಲ್ಲ ಕತ್ತರಿಸಿ ಎಸೆಯುತ್ತೇನೆ. ಕತ್ತರಿಸದೆ ಎಸೆದದ್ದನ್ನು ಯಾರಾದರೂ ಒಣಗಿಸಿ, ಮರುವಾರ ಮತ್ತೆ ಹಗ್ಗದ ಮೇಲೆ ನೇತುಹಾಕಿರುತ್ತಾರೆ.