ವರ್ಣತಂತುವಿಗೆ ಮೊದಲು ಬರಿಯ ಮಣಿಸರ ಸಾಕು

ವರ್ಣತಂತು ಕೋಶದೊಳಗೆ ಹೇಗೆ ಮಡಚಿಕೊಳ್ಳುತ್ತದೆಂದು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಬೇಕೇ? ಪ್ರೋಟೀನುಗಳ ಹೆಸರು ಆಮೇಲೆ ಬರಲಿ, ಮೊದಲು ಮಣಿಗಳ ಸರ ಪೋಣಿಸಿ. ಭೌತಶಾಸ್ತ್ರದಿಂದ ಬಂದ ನಾನು ಆ ಹೆಸರುಗಳಿಗೆ ಹೆದರಿಯೇ ಈ ದಾರಿ ಹಿಡಿದೆ.

1,000 ಮಣಿ ಸಾಕು. ಒಂದು ಮಣಿಗೆ 10,000 ಅಕ್ಷರಗಳ ಡಿಎನ್‌ಎ ಎಂದುಕೊಂಡರೆ ಒಟ್ಟು ಒಂದು ಕೋಟಿ. ಮನುಷ್ಯನ ಒಂದನೇ ವರ್ಣತಂತುವಿನ ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು. ಅಕ್ಕಪಕ್ಕದ ಮಣಿಗಳ ನಡುವೆ ಸ್ಪ್ರಿಂಗ್, ಮೈಮೇಲೆ ಬಂದ ಮಣಿಯನ್ನು ತಳ್ಳುವ ಬಲ, ಸುತ್ತಲಿನ ಅಣುಗಳ ಗುದ್ದಾಟಕ್ಕೆ ಲ್ಯಾಂಜೆವಿನ್ ಸಮೀಕರಣ. ಕೋಶಕೇಂದ್ರದ ಬದಲಿಗೆ ಇಡೀ ಸರವನ್ನು ಒಂದು ಗೋಳದೊಳಗೆ ಕೂಡಿಹಾಕಿ. ಕಣಗಳ ಚಲನೆಯ ಲೆಕ್ಕ ಹಾಕುವ, ಉಚಿತವಾಗಿ ಸಿಗುವ ಲ್ಯಾಂಪ್ಸ್ ತಂತ್ರಾಂಶ ಇದಕ್ಕೆ ಧಾರಾಳವಾಯಿತು. ಕಾಲದ ಹೆಜ್ಜೆಯಲ್ಲಿ (ಒಂದು ಲೆಕ್ಕದಿಂದ ಮುಂದಿನದಕ್ಕೆ ಹಾರುವ ಕಾಲ, ತಂತ್ರಾಂಶದ ಸ್ವಂತ ಮಾನದಲ್ಲಿ) ಮಾತ್ರ ದುರಾಸೆ ಬೇಡ: ಬೇಗ ಮುಗಿಯಲೆಂದು 0.05 ಇಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ‘ಕೊಂಡಿ ವಿಪರೀತ ಉದ್ದವಾಗಿದೆ’ ಎಂಬ ದೂರು ಪರದೆಯ ತುಂಬ. 0.01ಕ್ಕೆ ಇಳಿಸಿದ ಮೇಲೆ ಸರ ಹರಿಯಲಿಲ್ಲ.

ಆಮೇಲೆ ಅಳತೆ. ಸರದ ಉದ್ದಕ್ಕೆ 50 ಮಣಿ ಆಚೆಗಿರುವ ಜೋಡಿಗಳು ಎಷ್ಟು ಸಲ ತಾಗಿದವು, 500 ಮಣಿ ಆಚೆಗಿನವು ಎಷ್ಟು ಸಲ ಎಂದು ಎಣಿಸಿ, ಎರಡೂ ಅಕ್ಷಗಳಿಗೆ ಲಾಗ್ ಹಾಕಿ ಗೆರೆ ಎಳೆಯಿರಿ. ಆ ಗೆರೆಯ ಇಳಿಜಾರೇ ಸರದ ಜಾತಕ. ಡಿಎನ್‌ಎಯ ಯಾವ ಭಾಗ ಯಾವುದಕ್ಕೆ ತಾಗಿದೆಯೆಂದು ಎಣಿಸುವ 2009ರ ಹೈ-ಸಿ ಪ್ರಯೋಗದಲ್ಲಿ, ಮನುಷ್ಯರ ಕೋಶಗಳಲ್ಲಿ 5 ಲಕ್ಷದಿಂದ 70 ಲಕ್ಷ ಅಕ್ಷರಗಳ ಅಂತರಕ್ಕೆ ಅದು ಸುಮಾರು -1 ಬಂತು. ನನ್ನದು -1.5 ಬಂದು, ಮುಂದೆ ಚಪ್ಪಟೆಯಾಯಿತು. ವಾರವಿಡೀ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ, ಸಮತೋಲಕ್ಕೆ ಬರುವ ತನಕ ಓಡಿಸಿದ್ದರಿಂದ ಸರ ತನ್ನೊಳಗೇ ಗಂಟುಗಂಟಾಗಿ ಬೆರೆತುಹೋಗಿತ್ತು. ಕೋಶಕ್ಕೆ ಅಷ್ಟು ಪುರುಸೊತ್ತು ಎಲ್ಲಿ? ಗಂಟಿಲ್ಲದಂತೆ ಮಡಚಿದ ಸರದಿಂದಲೇ ಹೊರಡಿ.

ಈಗ ಕೊಹೆಸಿನ್, ಡಿಎನ್‌ಎಯನ್ನು ಕುಣಿಕೆಯಾಗಿ ಎಳೆಯುವ ಉಂಗುರದಂಥ ಪ್ರೋಟೀನು. ಅದರ ಬದಲಿಗೆ 500 ಮತ್ತು 502ನೇ ಮಣಿಗಳ ನಡುವೆ ಹೆಚ್ಚುವರಿ ಸ್ಪ್ರಿಂಗ್ ಹಾಕಿ. ತುಸು ಹೊತ್ತಿನ ಬಳಿಕ ಕಳಚಿ 499 ಮತ್ತು 503ಕ್ಕೆ, ಆಮೇಲೆ 498 ಮತ್ತು 504ಕ್ಕೆ. ಕುಣಿಕೆ ತಾನಾಗಿ ಬೆಳೆಯುತ್ತದೆ. ಕೊಹೆಸಿನ್ ಅನ್ನು ತಡೆಯುವ ಪ್ರೋಟೀನಾದ ಸಿಟಿಸಿಎಫ್ ಕೂತ ಮಣಿ ಸಿಕ್ಕಾಗ ಆ ಬದಿ ನಿಲ್ಲಲಿ, ಅದೂ ಸಿಟಿಸಿಎಫ್ ಕುಣಿಕೆಯ ಒಳಕ್ಕೆ ಮುಖ ಮಾಡಿದ್ದರೆ ಮಾತ್ರ. ಬೆನ್ನು ತಿರುಗಿಸಿದ್ದರೆ ದಾಟಿ ಹೋಗಲಿ. ಕೊಹೆಸಿನ್ ಆಗಾಗ ಕಳಚಿ ಬಿದ್ದು ಬೇರೆಡೆ ಹತ್ತಿಕೊಳ್ಳಲಿ. ಎರಡೂ ಅಕ್ಷಗಳಲ್ಲಿ ಮಣಿಗಳ ಸಂಖ್ಯೆ ಇಟ್ಟು ತಾಗಿದ ಜೋಡಿಗಳ ನಕ್ಷೆ ಬರೆದರೆ ಕರ್ಣದ ಗುಂಟ ಚೌಕಗಳು, ಚೌಕದ ಮೂಲೆಯಲ್ಲಿ ಚುಕ್ಕಿ.

ಕೊಹೆಸಿನ್ ತೆಗೆದು ಇನ್ನೊಮ್ಮೆ ಓಡಿಸಿ. ಚೌಕಗಳು ಅಳಿಸಿಹೋಗಬೇಕು, 2017ರಲ್ಲಿ ಕೋಶಗಳಿಂದಲೇ ಅದನ್ನು ತೆಗೆದಾಗ ಹಾಗೇ ಆಯಿತು. ಆದರೆ ಅಲ್ಲಿ ಚದುರಂಗದ ಮಣೆಯಂಥ ಇನ್ನೊಂದು ವಿನ್ಯಾಸ ಉಳಿಯಿತು, ಮೊದಲಿಗಿಂತ ಎದ್ದು ಕಂಡಿತು. ನಿಮ್ಮ ಸರದಲ್ಲಿ ಅದು ಕಾಣುವುದಿಲ್ಲ, ಎಲ್ಲ ಮಣಿಗಳೂ ಒಂದೇ ಬಗೆಯವಲ್ಲವೇ. ಮಣಿಗಳಿಗೆ ಎರಡು ಬಣ್ಣ ಕೊಟ್ಟು, ಒಂದೇ ಬಣ್ಣದವು ತುಸುವೇ ಅಂಟಿಕೊಳ್ಳುವಂತೆ ಮಾಡಿ ಮತ್ತೆ ಓಡಿಸಿ.