ಟಿಕಿಂಟರ್ ಮೆನುವಿನಿಂದ ಆರ್ಗ್ಯುಮೆಂಟ್ ಕಳಿಸಿದ್ದು: ನನ್ನ ಅನುಭವ

ಅಡಿಕೆ ಮಂಡಿಯೊಂದಕ್ಕೆ ಪೈಥಾನ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಟ್ಟೆ. ಕಿಟಕಿ, ಮೆನು ಕಟ್ಟಲು ಪೈಥಾನ್‌ನ ಟಿಕಿಂಟರ್ ಲೈಬ್ರರಿ ಬಳಸಿದ್ದೆ. ದರದ ಮೆನುವಿನಲ್ಲಿ ಅಡಿಕೆಯ ನಾಲ್ಕು ನಮೂನೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಯಾವುದನ್ನು ಒತ್ತಿದರೂ ಒಂದೇ ಫಂಕ್ಷನ್ ಓಡಬೇಕು, ಯಾವ ನಮೂನೆ ಅನ್ನುವುದು ಆರ್ಗ್ಯುಮೆಂಟ್ ಆಗಿ (ಫಂಕ್ಷನ್‌ಗೆ ಕೊಡುವ ಮಾಹಿತಿಯಾಗಿ) ಅದಕ್ಕೆ ತಲುಪಬೇಕು. "ಮೆನು ಕಮಾಂಡ್‌ಗೆ ಆರ್ಗ್ಯುಮೆಂಟ್ ಕೊಡೋಕಾಗಲ್ಲ ಮಾರಾಯ, ಒಂದೊಂದಕ್ಕೂ ಒಂದು ಫಂಕ್ಷನ್ ಬರೆದು ಮುಗಿಸು" ಅಂದರು ಜೊತೆಗಾರರು. ನಾಲ್ಕಕ್ಕಾದರೆ ಸರಿ. ಆದರೆ ಸಾಹುಕಾರರು ವ್ಯಾಪಾರಿಗಳ ಪಟ್ಟಿಯನ್ನೂ ಮೆನುವಿನಲ್ಲೇ ಕೇಳಿದ್ದರು. ಅದು ಬೆಳೆಯುತ್ತಲೇ ಇರುತ್ತದೆ, ಅಲ್ವಾ?

ಕಮಾಂಡ್ ಜಾಗದಲ್ಲಿ, ಅಂದರೆ ಒತ್ತಿದಾಗ ಓಡಬೇಕಾದ ಫಂಕ್ಷನ್ ಬರೆಯುವಲ್ಲಿ, ನೇರವಾಗಿ 'ತೋರಿಸು(ಜಿ)' ಅಂತ ('ಜಿ' ಅಂದರೆ ನಮೂನೆ) ಕೊಟ್ಟರೆ ಮೆನು ಕಟ್ಟುವಾಗಲೇ ನಾಲ್ಕೂ ಕಿಟಕಿ ತೆರೆದುಕೊಂಡವು. ಆಮೇಲೆ ಒತ್ತಿದರೆ ಏನೂ ಇಲ್ಲ. ನಾಲ್ಕನ್ನೂ ಒಂದೊಂದಾಗಿ ಸೇರಿಸುವ ಫಾರ್ ಲೂಪಿನೊಳಗೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಹಾಕಿದೆ. ಈಗ ಯಾವುದನ್ನು ಒತ್ತಿದರೂ ಗೊರಬಲು! ಲ್ಯಾಂಬ್ಡಾ ಇಟ್ಟುಕೊಳ್ಳುವುದು 'ಜಿ' ಎಂಬ ಹೆಸರನ್ನು, ಅದರೊಳಗಿನ ಮೌಲ್ಯವನ್ನಲ್ಲ. ಒತ್ತುವ ಹೊತ್ತಿಗೆ ಲೂಪ್ ಮುಗಿದು ಕೊನೆಯದೇ ಉಳಿದಿರುತ್ತದೆ. ರಾಶಿ ಚೀಲಕ್ಕೆ ಗೊರಬಲಿನ ದರ ಅಂದರೆ ಕ್ವಿಂಟಾಲಿಗೆ ಸಾವಿರಗಟ್ಟಲೆ ಖೋತಾ. ಪರೀಕ್ಷೆಯಲ್ಲೇ ಸಿಕ್ಕಿತು, ಆದರೂ ಸಾಹುಕಾರರು ಬಾಕಿ ಹಣ ತಡೆಹಿಡಿದರು. ಒಟ್ಟು ಇಪ್ಪತ್ತು ಸಾವಿರದಲ್ಲಿ ಹತ್ತು ಹನ್ನೆರಡು ಸಾವಿರ ಇರಬೇಕು.

ಕೈಹಿಡಿದದ್ದು 'ಲ್ಯಾಂಬ್ಡಾ ಜಿ=ಜಿ: ತೋರಿಸು(ಜಿ)'. 'ಜಿ=ಜಿ' ಎಂಬ ಡೀಫಾಲ್ಟ್ ಮೌಲ್ಯ ಲ್ಯಾಂಬ್ಡಾ ಹುಟ್ಟುವ ಕ್ಷಣದಲ್ಲೇ ಗಟ್ಟಿಯಾಗುತ್ತದೆ. ವ್ಯಾಪಾರಿಯ ಹೆಸರು, ಊರು ಎರಡೂ ಹೋಗಬೇಕಾದಲ್ಲಿ ಫಂಕ್‌ಟೂಲ್ಸ್‌ನ ಪಾರ್ಷಿಯಲ್ (ಫಂಕ್ಷನ್‌ಗೆ ಆರ್ಗ್ಯುಮೆಂಟ್‌ಗಳನ್ನು ಮೊದಲೇ ಕಟ್ಟಿಡುವ ಸಾಧನ) ಬಳಸಿದೆ. ನನಗೆ ಅದೇ ಜಾಸ್ತಿ ಇಷ್ಟ. ಪ್ರಿಂಟ್ ಮಾಡಿದರೆ ಯಾವ ಫಂಕ್ಷನ್, ಯಾವ ಆರ್ಗ್ಯುಮೆಂಟ್ ಎಂದು ಪೂರ್ತಿ ಕಾಣುತ್ತದೆ. ಲ್ಯಾಂಬ್ಡಾ ಆದರೆ ಸುಮ್ನೆ ಒಂದು ವಿಳಾಸ. ಮುನ್ನೂರು ಸಾಲಿನಷ್ಟಿದ್ದ ಮೆನು ಕೋಡ್ ನಲವತ್ತರ ಹತ್ತಿರ ಬಂತು. ಆಗಲ್ಲ ಅಂದವರೇ ಈಗ ಕೋಡ್ ಕೇಳಿ ಪಡೆದಿದ್ದಾರೆ.

ಕುತೂಹಲಕ್ಕೆ ಇದನ್ನೇ ಪೈಕ್ಯೂಟಿ5 ಎಂಬ, ಕಿಟಕಿ ಕಟ್ಟುವ ಇನ್ನೊಂದು ಲೈಬ್ರರಿಯಲ್ಲೂ ಹಾಕಿ ನೋಡಿದೆ. ಅಲ್ಲಿ ನಮೂನೆಯ ಜಾಗಕ್ಕೆ 'ಫಾಲ್ಸ್' ಬಂದು ಕೂತಿತು! ಮೆನು ಒತ್ತಿದಾಗ ಹೊರಡುವ ಟ್ರಿಗರ್ಡ್ ಸಿಗ್ನಲ್ ತನ್ನದೊಂದು 'ಚೆಕ್ಡ್' ಮೌಲ್ಯ (ಟಿಕ್ ಗುರುತು ಇದೆಯೋ ಇಲ್ಲವೋ ಎಂಬುದು) ಕಳಿಸುತ್ತದೆ, ಅದು ನಮ್ಮ ಡೀಫಾಲ್ಟನ್ನು ತಳ್ಳಿಬಿಡುತ್ತದೆ. 'ಲ್ಯಾಂಬ್ಡಾ ಚೆಕ್ಡ್, ಜಿ=ಜಿ' ಅಂತ ಬರೆಯಿರಿ. ಟಿಕಿಂಟರ್‌ನಲ್ಲಿ ಎಫ್5ರಂಥ ಕೀಲಿಗೆ ಫಂಕ್ಷನ್ ಬೈಂಡ್ ಮಾಡುವಾಗಲೂ (ಜೋಡಿಸುವಾಗಲೂ) ಹೀಗೇ, ಅಲ್ಲಿ ಈವೆಂಟ್, ಅಂದರೆ ಯಾವ ಕೀಲಿ ಒತ್ತಿದರು ಎಂಬಂಥ ಮಾಹಿತಿ, ಬರುತ್ತದೆ. ಮೆನುವಿನ ಆಕ್ಸಲರೇಟರ್ ಆಯ್ಕೆ ಬರೀ ಕೀಲಿಯ ಹೆಸರನ್ನು ಪಕ್ಕದಲ್ಲಿ ತೋರಿಸುತ್ತದೆ, ಬೈಂಡ್ ನಾವೇ ಮಾಡಬೇಕು.

ವ್ಯಾಪಾರಿಗಳ ಮೆನುವನ್ನು ತೆರೆದಾಗಲೆಲ್ಲ ಪೋಸ್ಟ್‌ಕಮಾಂಡ್‌ನಲ್ಲಿ (ಮೆನು ಕಾಣುವ ಮುನ್ನ ಓಡುವ ಫಂಕ್ಷನ್) ಅಳಿಸಿ ಹೊಸದಾಗಿ ಕಟ್ಟುತ್ತೇನೆ. ಟೇರ್‌ಆಫ್ (ಮೆನುವನ್ನು ಬೇರೆ ಕಿಟಕಿಯಾಗಿ ಕಿತ್ತಿಡುವ ಗೆರೆ) 0 ಮಾಡಿಕೊಳ್ಳಿ, ಇಲ್ಲವಾದರೆ ಆ ಗೆರೆಯೇ ಸೊನ್ನೆಯ ಜಾಗ ಹಿಡಿದು ಎಣಿಕೆ ಒಂದರಿಂದ ಶುರುವಾಗಿ ಲೆಕ್ಕ ತಪ್ಪುತ್ತದೆ. ಯಾವ ವ್ಯಾಪಾರಿ ಮೇಲೆ ಬರಬೇಕು ಎಂದು ಪ್ರೋಗ್ರಾಂ ತಾನೇ ಆರಿಸುವ ಬಗೆ ಮಾತ್ರ ನನ್ನ ಹತ್ತಿರವೇ ಇರಲಿ. ಸಾಹುಕಾರರು ಬಾಕಿ ಚುಕ್ತಾ ಮಾಡಿದ್ದು ಅದನ್ನು ನೋಡಿಯೇ.